ಎಷ್ಟು ಫೋನ್ ಮಾರಿದರು ಅನ್ನೋದು ಅರ್ಧ ಲೆಕ್ಕ

"ಮಾರಾಟ ಜಾಸ್ತಿ ಆಗಿದೆ ಸರ್, ಅಂದ್ಮೇಲೆ ಕಂಪನಿ ಬೆಳೀತಿದೆ ಅಲ್ವಾ?"

ಕಂಪನಿಗಳ ಲೆಕ್ಕಪತ್ರ ಓದಿ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಮೊಬೈಲ್ ಕಂಪನಿಯಾದರಂತೂ ಮುಗಿದೇ ಹೋಯಿತು. ನಾಲ್ಕು ಜನರ ಕೈಯಲ್ಲಿ ಒಂದೇ ಫೋನ್ ಕಂಡರೆ ಸಾಕು, ಉಳಿದ ಲೆಕ್ಕ ಯಾರಿಗೂ ಬೇಡ.

ಹೋದ ತಿಂಗಳು ಹೀಗೆ ಕೇಳಿದವರು ನಿವೃತ್ತ ಮೇಷ್ಟ್ರು. ಅವರ ಮುಂದೆ ನೋಕಿಯಾದ ಹಳೇ ಲೆಕ್ಕ ಇಟ್ಟೆ. 1865ರಲ್ಲಿ ಫಿನ್ಲೆಂಡಿನಲ್ಲಿ ಕಾಗದದ ಗಿರಣಿಯಿಂದ ಶುರುವಾದ ಕಂಪನಿ ಅದು. ಆಮೇಲೆ ರಬ್ಬರ್, ಕೇಬಲ್ ಎಲ್ಲ ಮಾಡಿ, 1998ರಲ್ಲಿ ಮೊಟರೊಲಾವನ್ನು ಹಿಂದೆ ಹಾಕಿ ಜಗತ್ತಿನ ಅತಿ ದೊಡ್ಡ ಮೊಬೈಲ್ ಕಂಪನಿಯಾಯಿತು. ಆ ಕಥೆ ಇರಲಿ, 2010ಕ್ಕೆ ಬನ್ನಿ ಎಂದೆ.

2009ರಲ್ಲಿ ನೋಕಿಯಾ ಮಾರಿದ್ದು ಸುಮಾರು 43 ಕೋಟಿ ಫೋನ್. 2010ರಲ್ಲಿ 45 ಕೋಟಿಗೂ ಹೆಚ್ಚು. "ನೋಡಿ, ಬೆಳೆದಿದೆ!" ಎಂದರು ಮೇಷ್ಟ್ರು. ಕ್ಯಾಲ್ಕುಲೇಟರ್ ಕೈಗೆ ಕೊಟ್ಟೆ. ಅಷ್ಟು ಫೋನಿನಿಂದ ಬಂದದ್ದು ಸುಮಾರು 2,900 ಕೋಟಿ ಯೂರೊ. ಭಾಗಿಸಿದರೆ ಫೋನಿಗೆ 64 ಯೂರೊ, ಆಗಿನ ದರದಲ್ಲಿ 85 ಡಾಲರ್ ಆಸುಪಾಸು. ಆಪಲ್ ತನ್ನ 2010ರ ಆರ್ಥಿಕ ವರ್ಷದಲ್ಲಿ ಮಾರಿದ್ದು ಬರೀ 4 ಕೋಟಿ ಐಫೋನ್. ಬಂದದ್ದು 2,500 ಕೋಟಿ ಡಾಲರ್. ಫೋನಿಗೆ 630 ಡಾಲರ್ ಹತ್ತಿರ. ಮೇಷ್ಟ್ರು ಇನ್ನೊಮ್ಮೆ ಭಾಗಿಸಿ ನೋಡಿದರು. ಉತ್ತರ ಬದಲಾಗಲಿಲ್ಲ.

ಪೈಸೆ ಲೆಕ್ಕಕ್ಕೆ ಇದನ್ನು ಹೋಲಿಸಬೇಡಿ. ಆಪಲ್ ವರ್ಷ ಸೆಪ್ಟೆಂಬರಿಗೆ ಮುಗಿಯುತ್ತದೆ, ಐಫೋನಿನ ಮೊತ್ತದಲ್ಲಿ ಅದರ ಜೊತೆಗೆ ಮಾರುವ ಇತರ ಸಾಮಾನೂ ಸೇರಿದೆ. ಅಗ್ಗಕ್ಕೆ ಮಾರುವುದು ತಪ್ಪು ಅಂತಲೂ ನಾನು ಹೇಳುತ್ತಿಲ್ಲ. 2003ರ ನೋಕಿಯಾ 1100 ಅಗ್ಗದ ಫೋನೇ, 25 ಕೋಟಿಗೂ ಹೆಚ್ಚು ಹೋಯಿತು. 2010ರಲ್ಲೂ ಕಂಪನಿಗೆ ಲಾಭವೇ ಬಂದಿತ್ತು. ನೋಡಬೇಕಾದ್ದು ಬೇರೆ: ಹೊಸದಾಗಿ ಬರುವ ಗಿರಾಕಿ ಯಾರು, ಬಿಟ್ಟು ಹೋಗುವವರು ಯಾರು? ಜಾಸ್ತಿ ದುಡ್ಡು ಕೊಡುವವರು ಐಫೋನ್, ಆಂಡ್ರಾಯ್ಡ್ ಕಡೆ ನಡೆದಿದ್ದರು. ನೋಕಿಯಾದ ಸ್ಮಾರ್ಟ್‌ಫೋನ್ ನಡೆಸುತ್ತಿದ್ದ, ಕೀಪ್ಯಾಡ್ ಕಾಲದ ಸಿಂಬಿಯನ್ ತಂತ್ರಾಂಶ ಅವರನ್ನು ಹಿಡಿದಿಡಲಿಲ್ಲ. 2010ರಲ್ಲಿ ಒಟ್ಟು ಸಂಖ್ಯೆ ಏರಿತ್ತು, ಹಾಗಾಗಿ ಅದೊಂದನ್ನೇ ನೋಡಿದವರಿಗೆ ಇದು ಕಾಣುವಂತಿರಲಿಲ್ಲ. 2011ರಲ್ಲಿ ನಷ್ಟ. 2013ರಲ್ಲಿ ಫೋನ್ ವ್ಯಾಪಾರವನ್ನು ಮೈಕ್ರೋಸಾಫ್ಟಿಗೆ ಮಾರುವ ಒಪ್ಪಂದ, ಪೇಟೆಂಟ್ ಬಳಸುವ ಹಕ್ಕೂ ಸೇರಿ 544 ಕೋಟಿ ಯೂರೊಗೆ.

ಒಂದೇ ವರ್ಷದ ಸರಾಸರಿ ನೋಡಿ ಯಾವ ಕಂಪನಿಯ ಜಾತಕವನ್ನೂ ಬರೆಯೋಕಾಗಲ್ಲ. ಷೇರು ಕೊಳ್ಳಿ, ಬಿಡಿ ಅಂತಲೂ ಇಲ್ಲಿ ಹೇಳಲಾರೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ಕೂತರು. "ಆದ್ರೂ 1100ರಲ್ಲಿ ಟಾರ್ಚ್ ಇತ್ತಲ್ಲ ಸರ್" ಎಂದರು. ಮೊನ್ನೆ ಮತ್ತೆ ಬಂದಿದ್ದರು, ಬೇರೆ ಕಂಪನಿಯ ಹೆಸರು ಹಿಡಿದು. ಅದೂ ತುಂಬಾ ಮಾರ್ತಿದೆಯಂತೆ. ಈ ಸಲ ಕ್ಯಾಲ್ಕುಲೇಟರ್ ಅವರೇ ತಂದಿದ್ದರು.