ಕೈಗವಸು ಎಸೆದವನು ಬಿಡುಗಡೆಯಾದದ್ದು ಹೇಗೆ?

ಪ್ರಶ್ನೆ: ಕೊಲೆ ಆರೋಪಿಯೊಬ್ಬ ನ್ಯಾಯಾಲಯದಲ್ಲೇ ಫಿರ್ಯಾದಿಯನ್ನು ದ್ವಂದ್ವಯುದ್ಧಕ್ಕೆ ಕರೆದು ಬಿಡುಗಡೆ ಪಡೆದನೆಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ನಿಜ. ಬರ್ಮಿಂಗ್‌ಹ್ಯಾಮ್ ಸಮೀಪದ ಅರ್ಡಿಂಗ್ಟನ್‌ನಲ್ಲಿ 1817ರ ಮೇ 27ರಂದು ಮೇರಿ ಆಶ್‌ಫರ್ಡ್ ಎಂಬ ಯುವತಿಯ ಶವ ನೀರು ತುಂಬಿದ ಹೊಂಡದಲ್ಲಿ ಸಿಕ್ಕಿತು. ಹಿಂದಿನ ರಾತ್ರಿ ನೃತ್ಯಕೂಟದಿಂದ ಅವಳೊಡನೆ ಹೊರಟಿದ್ದ ಅಬ್ರಹಾಂ ಥಾರ್ನ್‌ಟನ್‌ನ ಮೇಲೆ ಕೊಲೆ ಮೊಕದ್ದಮೆ ನಡೆಯಿತು. ಆ ಹೊತ್ತಿಗೆ ಅವನು ಬೇರೆಡೆ ಇದ್ದನೆಂದು ಹಲವರು ಸಾಕ್ಷಿ ನುಡಿದದ್ದರಿಂದ ವಾರಿಕ್‌ನ ಜ್ಯೂರಿ ಆಗಸ್ಟ್‌ನಲ್ಲಿ ಅವನನ್ನು ನಿರ್ದೋಷಿಯೆಂದಿತು.

ಈ ಪ್ರಕರಣವನ್ನು ಹೇಳುವಾಗ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿಯೇ ಇದರ ತಿರುಳೆಂದು ನನ್ನ ಭಾವನೆ: ಹಳೆಯ ಕಾನೂನನ್ನು ಮೊದಲು ಹಿಡಿದವನು ಆರೋಪಿಯಲ್ಲ. ರಾಜನ ಹೆಸರಿನ ಮೊಕದ್ದಮೆ ಬಿದ್ದುಹೋದ ಮೇಲೂ ಸತ್ತವರ ವಾರಸುದಾರನು ತಾನೇ ಕೊಲೆಯ ದೂರು ಹೂಡಬಹುದೆಂಬ, ರಕ್ತಸಂಬಂಧದ ಕರ್ತವ್ಯದಿಂದ ಹುಟ್ಟಿದ ಮಧ್ಯಯುಗದ ಹಕ್ಕೊಂದು ಇನ್ನೂ ಜೀವಂತವಾಗಿತ್ತು. ಮೇರಿಯ ಅಣ್ಣ ವಿಲಿಯಂ ಅದನ್ನು ಬಳಸಿದನು. ಆದರೆ ಅಂಥ ದೂರಿಗೆ ಅಷ್ಟೇ ಹಳೆಯ ಉತ್ತರವೂ ಇತ್ತು: ಆರೋಪಿಯು ಫಿರ್ಯಾದಿಯನ್ನು ಕಾಳಗಕ್ಕೆ ಕರೆಯಬಹುದಿತ್ತು. ನವೆಂಬರ್‌ನಲ್ಲಿ ಲಂಡನ್ನಿನ ಕಿಂಗ್ಸ್ ಬೆಂಚ್ ನ್ಯಾಯಾಲಯದಲ್ಲಿ ಥಾರ್ನ್‌ಟನ್, ತಾನು ನಿರ್ದೋಷಿ, ಅದನ್ನು ತನ್ನ ದೇಹದಿಂದಲೇ ಸಮರ್ಥಿಸಲು ಸಿದ್ಧ ಎಂದು ಹೇಳಿ, ಕಾಳಗದ ಸವಾಲಿನ ಗುರುತಾಗಿ ಕೈಗವಸನ್ನು ನೆಲಕ್ಕೆಸೆದನು. ಅವನಿಗಿಂತ ತೀರ ಕೃಶನಾಗಿದ್ದ ವಿಲಿಯಂ ಅದನ್ನು ಎತ್ತಿಕೊಳ್ಳಲಿಲ್ಲ.

ಆ ಕಾಳಗದ ನಿಯಮಗಳು ನಿಷ್ಠುರವಾಗಿದ್ದವು. ಸೋತ ಆರೋಪಿಗೆ ನೇಣು. ಸೂರ್ಯೋದಯದಿಂದ ನಕ್ಷತ್ರ ಮೂಡುವವರೆಗೆ ಅವನು ಸೋಲದೆ ನಿಂತರೆ ಬಿಡುಗಡೆ. ಶರಣಾದ ಫಿರ್ಯಾದಿ ಪ್ರಾಣ ಉಳಿಸಿಕೊಂಡರೂ ಮಾನಗೇಡಿಯೆನಿಸಿ, ಸ್ವತಂತ್ರ ಪ್ರಜೆಗೆ ಕಾನೂನು ನೀಡಿದ ಹಕ್ಕುಗಳನ್ನು ಕಳೆದುಕೊಳ್ಳುತ್ತಿದ್ದನು. ಹೆಂಗಸರು, ಅರವತ್ತು ದಾಟಿದವರು, ಕುರುಡರು ಮತ್ತು ಪಾದ್ರಿಗಳು ಫಿರ್ಯಾದಿಗಳಾಗಿದ್ದರೆ ಕಾಳಗವನ್ನು ನಿರಾಕರಿಸಬಹುದಿತ್ತು. ಯುವಕನಾದ ವಿಲಿಯಂಗೆ ಆ ರಕ್ಷಣೆ ಇರಲಿಲ್ಲ.

ಅಪರಾಧವು ಸಂದೇಹಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿರುವುದರಿಂದ ಆರೋಪಿಗೆ ಕಾಳಗದ ಹಕ್ಕಿಲ್ಲವೆಂದು ವಿಲಿಯಂ ಪರ ವಕೀಲರು ವಾದಿಸಿದರು. 1818ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೊ ಇದನ್ನು ಒಪ್ಪಲಿಲ್ಲ. ಕಾನೂನು ಹೇಗಿರಬೇಕೆಂದು ನ್ಯಾಯಾಧೀಶರು ಬಯಸುತ್ತಾರೋ ಹಾಗಲ್ಲ, ಅದು ಹೇಗಿದೆಯೋ ಹಾಗೆಯೇ ಹೇಳುವುದು ತಮ್ಮ ಕರ್ತವ್ಯವೆಂದರು. ತೀರ್ಪು ಅಂದು ಹಲವರನ್ನು ಕೆರಳಿಸಿರಬಹುದು, ಆದರೂ ಅದು ಸರಿಯಾದ ತೀರ್ಪೆಂದೇ ನಾನು ನಂಬುತ್ತೇನೆ, ಏಕೆಂದರೆ ದೂರಿನ ಹಳೆಯ ಹಕ್ಕನ್ನು ಉಳಿಸಿಕೊಂಡು ಆರೋಪಿಯ ಹಳೆಯ ರಕ್ಷಣೆಯನ್ನು ಮಾತ್ರ ಅಳಿಸಿದ್ದರೆ, ಒಮ್ಮೆ ಬಿಡುಗಡೆಯಾದವನನ್ನು ಮತ್ತೊಮ್ಮೆ ಗಲ್ಲಿನ ಎದುರು ನಿಲ್ಲಿಸುವ ಆಯುಧವೊಂದೇ ಉಳಿಯುತ್ತಿತ್ತು.

ವಿಲಿಯಂ ಕಾಳಗಕ್ಕಿಳಿಯದ ಕಾರಣ ಥಾರ್ನ್‌ಟನ್ ಬಿಡುಗಡೆಯಾದನು. 1819ರಲ್ಲಿ ಪಾರ್ಲಿಮೆಂಟು ಒಂದೇ ಕಾಯಿದೆಯಿಂದ ಕಾಳಗದ ವಿಚಾರಣೆಯನ್ನೂ ವಾರಸುದಾರನ ಕೊಲೆ ದೂರನ್ನೂ ರದ್ದುಪಡಿಸಿತು.