ಮಲಗೋದು ಬಿಡಿ, ಭಾನುವಾರ ಎಷ್ಟಕ್ಕೆ ಏಳ್ತೀರಿ?

ಜುಲೈ, ಆಗಸ್ಟ್ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ಥರದ ಪೇಷಂಟ್‌ಗಳು ಜಾಸ್ತಿ. ಕೊರಳಲ್ಲಿ ಹೊಸ ಐಡಿ ಕಾರ್ಡ್, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ತಾವೇ ಮಾಡಿಸಿಕೊಂಡು ಬಂದ ಥೈರಾಯ್ಡ್, ಬಿ12 ರಿಪೋರ್ಟು. ರಿಪೋರ್ಟು ಸಾಮಾನ್ಯವಾಗಿ ನಾರ್ಮಲ್ ಇರುತ್ತದೆ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ ತಿಂಗಳೋ ಎರಡು ತಿಂಗಳೋ ಆಗಿರುತ್ತದೆ. ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಹತ್ತಕ್ಕೇ ಮಲಗ್ತೀನಿ, ನಿದ್ದೆನೇ ಬರಲ್ಲ. ಏನಾದ್ರೂ ಮಾತ್ರೆ ಕೊಡ್ತೀರಾ?"

ಭಾನುವಾರ ಎಷ್ಟು ಗಂಟೆಗೆ ಎದ್ರಿ ಅಂತ ನಾನು ಕೇಳುತ್ತೇನೆ. ಆಗ ಒಂದು ನಗು ಬರುತ್ತದೆ. "ಅದು ಸಂಡೇ ಅಲ್ವಾ ಡಾಕ್ಟ್ರೇ..."

ಸಂಜೆ ಕಾಫಿ ಬಿಡಿ, ಮಲಗುವ ಮುಂಚೆ ಮೊಬೈಲ್ ಬದಿಗಿಡಿ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳಲ್ಲ. ನಾನು ತಲೆ ಚಚ್ಚಿಕೊಳ್ಳುವುದು ಬೇರೆಯದಕ್ಕೆ. ಎಲ್ಲರೂ ಮಲಗುವ ಹೊತ್ತನ್ನು ಸರಿಮಾಡಲು ಹೋಗುತ್ತಾರೆ. ಸರಿಮಾಡಬೇಕಾದ್ದು ಏಳುವ ಹೊತ್ತನ್ನು. ನಿದ್ದೆ ಕರೆದಾಗ ಬರುವುದಿಲ್ಲ. ಏಳುವುದಾದರೂ ನಮ್ಮ ಕೈಯಲ್ಲಿದೆ.

ನಿದ್ದೆ ಬರಬೇಕಾದರೆ ಎರಡು ಸಂಗತಿ ಕೂಡಬೇಕು. ಒಂದು, ಎದ್ದು ಎಷ್ಟು ಹೊತ್ತಾಯಿತು ಅನ್ನುವುದು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ನಿದ್ದೆ ಒತ್ತಿಕೊಂಡು ಬರುವುದರಲ್ಲಿ ಅದರ ಪಾಲು ದೊಡ್ಡದು. ಎರಡನೆಯದು ಮಿದುಳಿನೊಳಗಿನ ಗಡಿಯಾರ. ಹೆಚ್ಚಿನವರಲ್ಲಿ ಅದರ ದಿನ 24 ಗಂಟೆಗಿಂತ ಸ್ವಲ್ಪ ಉದ್ದ. ಅದರ ಪಾಡಿಗೆ ಬಿಟ್ಟರೆ ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಸರಿಹೋಗುತ್ತದೆ, ರಾತ್ರಿಯ ಬೆಳಕು ಬಿದ್ದರೆ ಇನ್ನೂ ತಡವಾಗುತ್ತದೆ.

ಈಗ ಭಾನುವಾರಕ್ಕೆ ಬನ್ನಿ. 11ಕ್ಕೆ ಏಳುತ್ತೀರಿ. ಪಿಜಿಯಲ್ಲಿ ತಿಂಡಿ ಖಾಲಿ. ಕಿಟಕಿಯ ಪರದೆ ಸರಿಸುವಾಗ ಮಧ್ಯಾಹ್ನ. ರಾತ್ರಿ 10ಕ್ಕೆ "ನಾಳೆ ಆಫೀಸಿದೆ" ಅಂತ ಶಿಸ್ತಾಗಿ ಲೈಟ್ ಆರಿಸುತ್ತೀರಿ. ಎದ್ದು ಬರೀ 11 ಗಂಟೆ ಆಗಿದೆ, ನೆನಪಿರಲಿ. ಬೆಳಿಗ್ಗೆ 6.30ಕ್ಕೆ ಎದ್ದ ದಿನ ಸಂಜೆ 5.30ಕ್ಕೇ ಹಾಸಿಗೆ ಹಾಸಿದರೆ ನಿದ್ದೆ ಬರುತ್ತಾ? ಬರಲ್ಲ. ಹೊರಳಾಡಿ, ಫೋನ್ ತೆಗೆದು, ಅಂತೂ 2ಕ್ಕೆ ಕಣ್ಣು ಮುಚ್ಚುತ್ತದೆ. 6.30ಕ್ಕೆ ಅಲಾರಂ. ನಾಲ್ಕೂವರೆ ಗಂಟೆ ನಿದ್ದೆ. ಬೈಗುಳ ಮಾತ್ರ ಸೋಮವಾರಕ್ಕೆ.

ಮ್ಯೂನಿಕ್‌ನ ವಿಜ್ಞಾನಿ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಸೋಷಿಯಲ್ ಜೆಟ್‌ಲ್ಯಾಗ್ ಅಂತ ಕರೆದರು. ವಿಮಾನದಲ್ಲಿ ದೂರದ ದೇಶಕ್ಕೆ ಹೋದಾಗ ಮೈಯ ಗಡಿಯಾರ ಅಲ್ಲಿನ ಹೊತ್ತಿಗೆ ಹೊಂದದೆ ಒದ್ದಾಡುವುದೇ ಜೆಟ್‌ಲ್ಯಾಗ್. ಲೆಕ್ಕ ನೀವೇ ಹಾಕಬಹುದು. ನಿದ್ದೆಯ ನಟ್ಟನಡುವಿನ ಹೊತ್ತು ನೋಡಿ. ವಾರದ ದಿನ 12ಕ್ಕೆ ಮಲಗಿ 6.30ಕ್ಕೆ ಎದ್ದರೆ ನಡು 3.15. ಶನಿವಾರ ರಾತ್ರಿ 3ಕ್ಕೆ ಮಲಗಿ 11ಕ್ಕೆ ಎದ್ದರೆ ನಡು 7. ಮೂರೂಮುಕ್ಕಾಲು ಗಂಟೆ ವ್ಯತ್ಯಾಸ. ನಮಗೂ ಜರ್ಮನಿಗೂ, ಅವರ ಬೇಸಿಗೆಯಲ್ಲಿ, ಇರುವುದೇ ಮೂರೂವರೆ. ಅಂದರೆ ಪ್ರತಿ ಶನಿವಾರ ವೀಸಾ ಇಲ್ಲದೆ ಜರ್ಮನಿಗೆ ಹೋಗಿ, ಸೋಮವಾರ ಬೆಳಿಗ್ಗೆ ವಾಪಸ್ ಬಂದು, ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂರುತ್ತೀರಿ.

ಇದು ಸೋಮಾರಿತನ ಅಂತ ಅಪ್ಪ ಅಮ್ಮ ಹೇಳಿದರೆ ನಾನು ನಿಮ್ಮ ಪರ. ಹದಿಹರೆಯದಲ್ಲಿ ಈ ಗಡಿಯಾರ ತಡವಾಗುತ್ತಾ ಹೋಗಿ, ಸುಮಾರು 20ರ ಹೊತ್ತಿಗೆ ತುದಿ ಮುಟ್ಟುತ್ತದೆ. ಆಮೇಲೆ ನಿಧಾನಕ್ಕೆ ಹಿಂತಿರುಗುತ್ತದೆ. ಕೆಲಸ ಸಿಗುವುದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ! ಹಾಸ್ಟೆಲ್‌ನಲ್ಲಿ ಇದರ ಬಿಸಿ ತಟ್ಟಿರಲ್ಲ, ಮೊದಲ ಪೀರಿಯಡ್‌ಗೆ ಗೆಳೆಯ ಪ್ರಾಕ್ಸಿ ಕೊಡುತ್ತಿದ್ದ. ಬಯೋಮೆಟ್ರಿಕ್ ಮುಂದೆ ಅದೆಲ್ಲ ನಡೆಯಲ್ಲ.

ಹಾವೇರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಬೆಳಿಗ್ಗೆ 5.45ರಿಂದ ಐದೈದು ನಿಮಿಷಕ್ಕೊಂದು ಅಲಾರಂ, ಒಂದಕ್ಕೂ ಏಳುತ್ತಿರಲಿಲ್ಲ. ರೂಮ್‌ಮೇಟ್ ಜತೆಗೆ ಬಂದಿದ್ದ, ಸಹಾಯಕ್ಕಲ್ಲ, ದೂರು ಹೇಳೋಕೆ. ಊರಿಂದ ತಾಯಿ ಫೋನಿನಲ್ಲಿ: "ಹುಡುಗ ಭಾಳ ಸೊರಗ್ಯಾನ್ರೀ ಡಾಕ್ಟ್ರ, ಟಾನಿಕ್ ಏನರ ಬರದು ಕೊಡ್ರಿ." ಟಾನಿಕ್ ಬರೆಯಲಿಲ್ಲ. ಒಂದೇ ಅಲಾರಂ, ಫೋನು ಮಂಚದಿಂದ ದೂರ, ರೂಮಿನ ಆ ಮೂಲೆಯಲ್ಲಿ. ಭಾನುವಾರ 7.30ಕ್ಕೆ ಎದ್ದು, ಲೋಟ ಹಿಡಿದುಕೊಂಡು ಟೆರೇಸಿಗೆ ಹೋಗಿ ಇಪ್ಪತ್ತು ನಿಮಿಷ ಸುಮ್ನೆ ನಿಲ್ಲು ಅಂದೆ. ಮೋಡ ಇದ್ದರೂ ಪರವಾಗಿಲ್ಲ. ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಗಟ್ಟಲೆ ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ, ಆಫೀಸಿನ ಮೇಜಿನ ಮೇಲೆ 300ರಿಂದ 500 ಅಷ್ಟೇ.

"ಹಂಗಾದ್ರ ಸಂಡೇ ಅಂತ ಯಾಕ್ ಇರಬೇಕ್ರಿ?" ಅಂದ. ನ್ಯಾಯವಾದ ಪ್ರಶ್ನೆ. ಶನಿವಾರ ರಾತ್ರಿ ಸಿನಿಮಾ ನೋಡಲು ನನ್ನ ಅಡ್ಡಿಯಿಲ್ಲ. ಬೆಳಿಗ್ಗೆ ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗಿ. ಮೊದಲ ವಾರ ಕಷ್ಟ, ನನ್ನನ್ನು ಬೈದುಕೊಳ್ಳುತ್ತೀರಿ. ಎರಡು ಮೂರು ವಾರಕ್ಕೆ ಬಹಳ ಜನರಿಗೆ ರಾತ್ರಿ ಹನ್ನೊಂದಕ್ಕೆ ತಾನಾಗಿ ಆಕಳಿಕೆ ಬರುತ್ತದೆ. ಎಲ್ಲರಿಗೂ ಅಂತ ಹೇಳಲಾರೆ.

ನೈಟ್ ಶಿಫ್ಟ್‌ನವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರದ್ದು ಬೇರೆಯೇ ಕತೆ. ಜೋರಾಗಿ ಗೊರಕೆ ಹೊಡೆಯುವವರು, ಬೈಕ್ ಓಡಿಸುವಾಗ ತೂಕಡಿಸುವವರು, ಎರಡು ವಾರದಿಂದ ಮನಸ್ಸಿಗೆ ಯಾವುದೂ ಬೇಡವಾಗಿರುವವರು ಟೆರೇಸನ್ನು ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಇನ್ನು ಆನ್‌ಲೈನ್‌ನಲ್ಲಿ ಸಿಗುವ ಮೆಲಟೋನಿನ್ ಗಮ್ಮಿಗಳು. ಮೆಲಟೋನಿನ್ ಅಂದರೆ ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಹಾರ್ಮೋನು. ತಗೊಳ್ಳುವ ಹೊತ್ತಿನ ಮೇಲೆ ಅದು ಗಡಿಯಾರವನ್ನು ಬೇಗವೂ ಮಾಡಬಹುದು, ತಡವೂ ಮಾಡಬಹುದು. ಗೆಳೆಯ ತಗೊಂಡ ಅಂತ ನೀವೂ ಬಾಯಿಗೆ ಹಾಕಿಕೊಳ್ಳಬೇಡಿ, ಕೇಳಿ ತಗೊಳ್ಳಿ.