ಗೆರೆ ಬಟ್ಟೆಯ ಬೈಂಡಿಂಗ್: ಜೋಡಣೆಯನ್ನು ಎಲ್ಲಿ ಅಡಗಿಸೋದು?

ಕ್ವಿಲ್ಟ್‌ (ಕೌದಿಯಂಥ ಹೊದಿಕೆ) ಅಂಚು ಮುಚ್ಚೋಕೆ ಸುತ್ತ ಹೊಲಿಯುವ ಬೈಂಡಿಂಗ್ ಪಟ್ಟಿಗಳನ್ನು ಓರೆಯಾಗಿ ಜೋಡಿಸಬೇಕು ಅಂತ ನಾವೆಲ್ಲ ಮೊದಲ ದಿನವೇ ಕಲಿಯುತ್ತೇವೆ. ಎರಡು ಪಟ್ಟಿಗಳ ತುದಿ ಒಂದರ ಮೇಲೊಂದು ಅಡ್ಡಡ್ಡ ಇಟ್ಟು, 45 ಡಿಗ್ರಿಯಲ್ಲಿ ಹೊಲಿದು, ಉಳಿದ ಮೂಲೆ ಕತ್ತರಿಸಿದರೆ ಮುಗೀತು. ಹೊಲಿಗೆಯ ದಪ್ಪ ಒಂದೇ ಕಡೆ ಗಂಟಾಗೋದಿಲ್ಲ. ಪ್ಲೇನ್ ಬಟ್ಟೆಗೆ, ಸಣ್ಣ ಹೂವಿನ ಪ್ರಿಂಟಿಗೆ ಈ ಪಾಠ ಸರಿ. ಪಟಾಪಟಿ ಬಟ್ಟೆಯಲ್ಲಿ ಮಾತ್ರ ಕೈಕೊಡುತ್ತದೆ.

ಮೊದಲು ಎರಡು ಪದ ಬೇರೆ ಮಾಡಿಕೊಳ್ಳೋಣ. ಗೆರೆ ಅಂದರೆ ಬಟ್ಟೆಯಲ್ಲಿರುವ ಬಣ್ಣದ ಸಾಲು. ಪಟ್ಟಿ ಅಂದರೆ ನಾವು ಕತ್ತರಿಸಿದ ಎರಡೂವರೆ ಇಂಚು ಅಗಲದ ಉದ್ದ ತುಂಡು.

ಗೆರೆಗಳು ಪಟ್ಟಿಗೆ ಅಡ್ಡ ಬಂದಿವೆ ಅಂದುಕೊಳ್ಳಿ, ಏಣಿಯ ಮೆಟ್ಟಿಲಿನ ಹಾಗೆ. ಒಂದೊಂದು ಗೆರೆ ಕಾಲಿಂಚು. ಓರೆ ಹೊಲಿಗೆ ಹಾಕಿದರೆ ಅದು ಸುಮಾರು 10 ಗೆರೆಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಒಂದು ನೂಲಿನಷ್ಟು ಜರುಗಿದರೂ ಎಲ್ಲ ಗೆರೆಗಳೂ ಗರಗಸದ ಹಲ್ಲಿನಂತೆ ಕಾಣುತ್ತವೆ. ಆದ್ದರಿಂದ ಇಲ್ಲಿ ನೇರ ಹೊಲಿಗೆಯೇ ವಾಸಿ, ಅದೂ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ಅಲ್ಲಿ ಹೇಗೂ ಒಂದು ಗೀಟು ಇದೆ, ಹೊಲಿಗೆ ಅದರೊಳಗೆ ಸೇರಿಕೊಳ್ಳುತ್ತದೆ.

ಮಾಡೋದು ಹೀಗೆ. ಒಂದು ಪಟ್ಟಿಯ ತುದಿಯನ್ನು ಬಣ್ಣ ಬದಲಾಗುವ ಗೀಟಿನ ಮೇಲೇ ಒಳಕ್ಕೆ ಮಡಿಚಿ ಇಸ್ತ್ರಿ ಮಾಡಿ. ಮಡಿಕೆಯ ಒಳಗೆ ಕಾಲಿಂಚು ಇರಲಿ, ಜಾಸ್ತಿ ಇದ್ದರೆ ಆಮೇಲೆ ಕತ್ತರಿಸಬಹುದು. ಆ ಮಡಿಕೆಯನ್ನು ಇನ್ನೊಂದು ಪಟ್ಟಿಯ ಮೇಲಿಟ್ಟು ಜರುಗಿಸುತ್ತಾ ಬನ್ನಿ. ಕೆಂಪು, ಬಿಳಿ, ನೀಲಿ ಅನ್ನುವ ವರಸೆ ತಪ್ಪದೆ ಮುಂದುವರಿದ ಕಡೆ ನಿಲ್ಲಿಸಿ, ಮಡಿಕೆಯ ಕೆಳಗೆ ಒಂದು ಚುಕ್ಕೆ ಅಂಟು ಹಚ್ಚಿ. ಒಣಗಿದ ಮೇಲೆ ಮಡಿಕೆ ಬಿಡಿಸಿ, ಇಸ್ತ್ರಿಯ ಗುರುತಿನ ಮೇಲೇ ಹೊಲಿಯಿರಿ. ಹೊಲಿಗೆಯ ಎರಡು ಅಂಚನ್ನೂ ಅಗಲಿಸಿ ಇಸ್ತ್ರಿ ಮಾಡಿದರೆ ದಪ್ಪ ಅಷ್ಟೇನೂ ಕಾಡೋದಿಲ್ಲ.

ಗೆರೆಗಳು ಪಟ್ಟಿಯ ಉದ್ದಕ್ಕೇ ಓಡುತ್ತಿದ್ದರೆ? ನನ್ನನ್ನು ಕೇಳಿದರೆ ಬೇಡ. ಜೋಡಣೆ ಹೇಗೋ ಆದೀತು, ಆದರೆ ಹೊಲಿಗೆ ಚೂರು ಸೊಟ್ಟಗಾದರೂ ಗೆರೆ ಅದನ್ನು ಊರಿಗೆಲ್ಲ ಸಾರುತ್ತದೆ.

ಚೆಂದ ಇರೋದು ಕ್ರಾಸ್ ಕಟಿಂಗ್‌ನಲ್ಲಿ. ಬಟ್ಟೆಯನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿದರೆ ಗೆರೆಗಳು ಹಗ್ಗದ ಎಳೆಗಳಂತೆ ಕ್ವಿಲ್ಟ್‌ ಸುತ್ತ ಸುತ್ತಿಕೊಂಡು ಬರುತ್ತವೆ. ಇಲ್ಲಿ ಓರೆ ಜೋಡಣೆಯೂ ಸಿಗುತ್ತದೆ, ಹೊಲಿಗೆಯೂ ಅಡಗುತ್ತದೆ. ಆದರೆ ತುದಿ ಯಾವ ದಿಕ್ಕಿಗೆ ಕತ್ತರಿಸಿದೆ ಅಂತ ನೋಡಲೇಬೇಕು. ಓರೆ ಪಟ್ಟಿಯ ತುದಿ ಹಾಸಿನ (ಬಟ್ಟೆಯ ಉದ್ದಕ್ಕೆ ಓಡುವ) ನೂಲಿಗೆ ಸಮಾನಾಂತರ ಇರಬಹುದು, ಹೊಕ್ಕಿನ (ಅಡ್ಡಕ್ಕೆ ಓಡುವ) ನೂಲಿಗೂ ಸಮಾನಾಂತರ ಇರಬಹುದು. ಎರಡೂ 45 ಡಿಗ್ರಿಯೇ, ಕಣ್ಣಿಗೆ ಒಂದೇ ಥರ. ಗೆರೆ ಹಾಸಿನ ಗುಂಟ ಇದ್ದರೆ, ಹಾಸಿನ ನೂಲಿಗೆ ಸಮಾನಾಂತರವಾದ ತುದಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಇನ್ನೊಂದರಲ್ಲಿ ಹೊಲಿಗೆ ಎಲ್ಲ ಗೆರೆಗಳನ್ನೂ ಅಡ್ಡ ಕತ್ತರಿಸುತ್ತದೆ. ಅಂಥ ತುದಿ ಕಂಡರೆ, ಬಣ್ಣದ ಗೀಟಿನಿಂದ ಕಾಲಿಂಚು ಆಚೆಗೆ, ಗೆರೆಗೆ ಸಮಾನಾಂತರವಾಗಿ ಮತ್ತೆ ಕತ್ತರಿಸಿ. ಜೋಡಿಸುವಾಗ ಎರಡು ಪಟ್ಟಿಗಳ ಚೂಪು ಮೂಲೆ ಆಚೆಈಚೆ ಕಾಲಿಂಚು ಹೊರಗೆ ಚಾಚಿರಬೇಕು. ಅವು ಸೇರುವ ಸಂದಿನಿಂದಲೇ ಹೊಲಿಗೆ ಶುರು. ಗಾಬರಿ ಬೇಡ, ಪಟ್ಟಿ ಎಳೆದರೆ ಹಿಗ್ಗಿದರೂ ಈ ಹೊಲಿಗೆ ನೂಲಿನ ಗುಂಟ ಬರುವುದರಿಂದ ಅಷ್ಟು ಹಿಗ್ಗೋದಿಲ್ಲ.

ನಾನು ಮೊದಲ ಸಲ ಸಮಯ ಉಳಿಸೋಕೆ ಅಂತ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಓರೆಯಾಗಿ ಕತ್ತರಿಸಿದೆ. ಬಿಡಿಸಿ ನೋಡಿದರೆ ಅರ್ಧ ಪಟ್ಟಿಗಳ ಗೆರೆ ಎಡಕ್ಕೆ ವಾಲಿದೆ, ಅರ್ಧದ್ದು ಬಲಕ್ಕೆ! ತಿರುಗಿಸಿದೆ, ತಲೆಕೆಳಗು ಮಾಡಿದೆ. ಊಹೂಂ. ತಲೆಕೆಳಗು ಮಾಡಿದರೆ ವಾಲುವ ದಿಕ್ಕು ಬದಲಾಗೋದಿಲ್ಲ, ಬಣ್ಣಗಳ ವರಸೆ ಮಾತ್ರ ಹಿಂದುಮುಂದಾಗುತ್ತದೆ. ನೂಲಿಗೇ ಬಣ್ಣ ಹಾಕಿ ನೇಯ್ದ ಬಟ್ಟೆಯಾಗಿದ್ದರೆ ಎರಡೂ ಮೈ ಒಂದೇ ಥರ, ಮಗುಚಿ ಹಾಕಿ ಬಚಾವಾಗಬಹುದಿತ್ತು. ನನ್ನದು ಪ್ರಿಂಟು, ಹಿಂದೆ ಎಲ್ಲ ಮಾಸಲು. ಈಗ ಒಂದೇ ಪದರ ಹಾಸಿ ಕತ್ತರಿಸುತ್ತೇನೆ. ಕತ್ತರಿಸುವ ಮೊದಲೇ ಹಿಂಬದಿಯಲ್ಲಿ, ಎಲ್ಲ ಪಟ್ಟಿಯಲ್ಲೂ ಬರುವಂತೆ, ಸೀಮೆಸುಣ್ಣದಲ್ಲಿ ಒಂದೇ ದಿಕ್ಕಿಗೆ ಬಾಣದ ಗುರುತು ಹಾಕುತ್ತೇನೆ.

ಲೆಕ್ಕ: 36×45 ಇಂಚಿನ ಮಕ್ಕಳ ಕ್ವಿಲ್ಟಿಗೆ ಸುತ್ತಳತೆ 162 ಇಂಚು. ಮೂಲೆಗೆ, ಕೊನೆಯ ಜೋಡಣೆಗೆ 12 ಸೇರಿಸಿದರೆ 174. 44 ಇಂಚು ಪನ್ನದ ಬಟ್ಟೆಯಲ್ಲಿ ಅಡ್ಡಕ್ಕೆ 42 ಇಂಚು ಸಿಕ್ಕರೂ ನಾಲ್ಕು ಪಟ್ಟಿ ಸಾಲದು, ಐದು ಬೇಕು. ಬಣ್ಣದ ವರಸೆ ಹೊಂದಿಸೋಕೆ ಪ್ರತಿ ಜೋಡಣೆಯಲ್ಲೂ ಒಂದು ಪೂರ್ತಿ ವರಸೆಯಷ್ಟು ಬಟ್ಟೆ ಹೋಗಬಹುದು. ಅದನ್ನು ಮರೆತು ಬಟ್ಟೆ ತರಬೇಡಿ. ಓರೆ ಕಟಿಂಗ್ ಆದರೆ ಮುಕ್ಕಾಲು ಗಜ ಇರಲಿ.

ಕೊನೆಯ ಜೋಡಣೆ ಇದೆಯಲ್ಲ, ಪಟ್ಟಿ ಸುತ್ತಿಕೊಂಡು ಬಂದು ತನ್ನ ಬಾಲವನ್ನೇ ಹಿಡಿಯುವ ಜಾಗ, ಅಲ್ಲಿ ವರಸೆ ತಾನಾಗಿ ಕೂಡಿಬರುವುದು ಅಪರೂಪ. ಎರಡೂ ಬದಿ ಎಂಟು ಇಂಚು ಬಾಲ ಬಿಟ್ಟು, ನಡುವೆ ಹತ್ತು ಇಂಚು ಹೊಲಿಯದೆ ನಿಲ್ಲಿಸಿ. ಓರೆ ಪಟ್ಟಿಯಾದರೆ ಎರಡು ಮೂರು ಮಿಲಿಮೀಟರ್ ಎಳೆದು ಹೊಂದಿಸಬಹುದು. ಅದಕ್ಕೂ ಬಗ್ಗದಿದ್ದರೆ ಕೊನೆಯ ಒಂದು ಗೆರೆಯನ್ನು ಸ್ವಲ್ಪ ಸಣ್ಣದಾಗಿಸಿ. ಒಂದು ಗೆರೆ ತೆಳ್ಳಗಿದ್ದರೆ ಯಾರಿಗೂ ಗೊತ್ತಾಗೋದಿಲ್ಲ, ಎರಡು ಕೆಂಪು ಪಕ್ಕಪಕ್ಕ ಬಂದರೆ ಬಾಗಿಲಿನಿಂದಲೇ ಕಾಣುತ್ತದೆ. ಈ ಜೋಡಣೆಯನ್ನು ನಾನು ಯಾವಾಗಲೂ ಕಾಲಿನ ಕಡೆಯ ಅಂಚಿಗೆ ತಂದಿಡುತ್ತೇನೆ, ಮೂಲೆಯಿಂದ ಒಂದು ಗೇಣು ದೂರದಲ್ಲಿ.